ಕನ್ನಡಕದಂಗಡಿಯ ಗೂಬೆ

ಎಂಟು ತಿಂಗಳ ಮೇಲೆ ಮನೆಗೆ ಬಂದೆ. ಒಂದು ಬ್ಯಾಗು, ಬಿರುಕು ಬಿಟ್ಟ ಕನ್ನಡಕ, ವಯಸ್ಸು ಹತ್ತೊಂಬತ್ತು. ಯಾರನ್ನು ನಂಬಿ ಓದು ಬಿಟ್ಟು ಹೋಗಿದ್ದೆನೋ ಅವನೇ ಆ ಕನ್ನಡಕವನ್ನು ನನ್ನ ಮುಖದಿಂದ ಕಿತ್ತು ಗೋಡೆಗೆ ಎಸೆದಿದ್ದ. ಮನೆಯಲ್ಲಿ ಮಾತ್ರ, "ನಾನೇ ಅದರ ಮೇಲೆ ಕೂತುಬಿಟ್ಟೆ" ಎಂದೆ. ಕೂತರೆ ಮುರಿಯುವುದು ಕಡ್ಡಿ, ಗಾಜಲ್ಲ ಎಂದು ಕನ್ನಡಕದಂಗಡಿ ಇಟ್ಟಿರುವ ಅಪ್ಪನಿಗೆ ಗೊತ್ತಿಲ್ಲವೇ? ಆದರೂ ಕೆದಕದೆ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದರು.

"ಗೂಬೇ, ಇವಳ ಕಣ್ಣು ಟೆಸ್ಟ್ ಮಾಡಪ್ಪಾ" ಎಂದರು.

ಗೂಬೆ ಎಂದರೆ ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನವನು. ಆ ಹೆಸರಿಟ್ಟ ಪುಣ್ಯಾತ್ಗಿತ್ತಿ ನಾನೇ. ಈಗ ಅಪ್ಪನ ಅಂಗಡಿಯಲ್ಲೇ ಕಣ್ಣು ಪರೀಕ್ಷೆ ಮಾಡುತ್ತಾನೆ.

ಕತ್ತಲೆ ಕೋಣೆಯಲ್ಲಿ ಗಾಜು ಬದಲಾಯಿಸುತ್ತಾ ಕೇಳಿದ. "ಮೊದಲನೇದು ಚೆನ್ನಾಗಿ ಕಾಣುತ್ತಾ, ಎರಡನೇದಾ?"

ಎಂಟು ತಿಂಗಳಿಂದ ಯಾವ ಪ್ರಶ್ನೆಗೂ ಎದುರಿನವನ ಮುಖ ನೋಡಿಯೇ ಉತ್ತರ ಕೊಟ್ಟವಳು ನಾನು. ತಪ್ಪಿದರೆ ಏಟು. ಇಲ್ಲಿ ಮುಖವೇ ಕಾಣುತ್ತಿಲ್ಲ!

"ನೀನು ಹೇಳಿದ್ದೇ ಸರಿ."

"ನಾನೆಲ್ಲಿ ಹೇಳ್ದೆ ಕಣೇ? ನೋಡ್ತಿರೋಳು ನೀನು."

"ಹಾಗಾದ್ರೆ... ಎರಡನೇದು." ಅವನ ದನಿಯಲ್ಲಿ ಎಲ್ಲಿ ಖುಷಿ ಇದ್ದಂತೆ ಅನಿಸಿತೋ ಅದನ್ನೇ ಹೇಳುತ್ತಾ ಹೋದೆ.

ಎರಡು ದಿನಕ್ಕೆ ಹೊಸ ಕನ್ನಡಕ ಬಂತು. ಹಾಕಿಕೊಂಡರೆ ನೆಲವೇ ಎದ್ದು ಬರುತ್ತಿದೆ! "ತುಂಬಾ ಚೆನ್ನಾಗಿದೆ" ಎಂದು ಹಲ್ಲು ಕಿರಿದು ಹೊರಗೆ ಕಾಲಿಟ್ಟವಳು ಮೆಟ್ಟಿಲು ತಪ್ಪಿ ದೊಪ್ಪನೆ ಬಿದ್ದೆ. "ಟೆಸ್ಟ್ ಮಾಡೋವಾಗ ಕತ್ತೆ ಕಾಯ್ತಿದ್ಯೇನೋ?" ಎಂದು ಅಪ್ಪ ಗಿರಾಕಿಗಳ ಮುಂದೆಯೇ ಗೂಬೆಯನ್ನು ಹಿಗ್ಗಾಮುಗ್ಗಾ ಬೈದರು.

ಆ ಸಿಟ್ಟೆಲ್ಲ ನನ್ನ ಮೇಲೆ ತೀರಿಸುತ್ತಾನೆಂದು ಮುದುಡಿ ಕೂತೆ. ಅವನು ಮಂಡಿಯ ಗಾಯಕ್ಕೆ ಹತ್ತಿ, ಔಷಧಿ ತಂದುಕೊಟ್ಟ. "ಅವಸರ ಮಾಡಿದ್ದು ನಾನೇ. ನಾಳೆ ಇನ್ನೊಂದ್ಸಲ ನೋಡೋಣ. ಇದ್ರಲ್ಲಿ ಪಾಸು ಫೇಲು ಇಲ್ಲ ಕಣೇ." ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ಆ ದೊಡ್ಡ ಕಣ್ಣುಗಳು ನನ್ನನ್ನು ನೋಡಿದವು. ನಾನೂ ನೋಡಿದೆ. ಥೂ, ಯಾಕೆ ನೋಡಿದೆನೋ!

ಮರುದಿನ ಹಳೆಯ ಬಿರುಕು ಕನ್ನಡಕದಲ್ಲೇ ಅಂಗಡಿಯಲ್ಲಿ ಕೂತಿದ್ದೆ. ನಾನು ಬಿಟ್ಟು ಬಂದವನು ಒಳಗೆ ಬಂದ. ಇಸ್ತ್ರಿ ಮಾಡಿದ ಶರ್ಟು, ಬೆಣ್ಣೆಯಂಥ ಮಾತು.

"ನಮಸ್ಕಾರ ಅಂಕಲ್. ಸಣ್ಣ ಜಗಳಕ್ಕೆ ಮುನಿಸ್ಕೊಂಡು ಬಂದ್ಬಿಟ್ಟಿದ್ದಾಳೆ. ಕರ್ಕೊಂಡು ಹೋಗೋಣ ಅಂತ ಬಂದೆ. ಅಲ್ವೇನೇ?"

ನನ್ನ ತಲೆ ತಾನಾಗಿಯೇ ಅಲ್ಲಾಡತೊಡಗಿತು. ದೇವರೇ, ಹೂಂ ಅಂದುಬಿಡುತ್ತೇನೆ, ಹೋಗಿಬಿಡುತ್ತೇನೆ!

ಗೂಬೆ ಎದ್ದು ನಿಂತ. "ಅವಳು ಬರಲ್ಲ. ಅವಳಿಗೆ..."

"ನೀನು ಸುಮ್ನಿರೋ!" ಕಿರುಚಿದವಳು ನಾನೇ. "ನನ್ನ ಮಾತು ನಾನು ಆಡ್ತೀನಿ."

ಗೂಬೆ ತೆಪ್ಪಗೆ ಕೂತ. ಬಂದವನು ನಕ್ಕ.

"ಅಪ್ಪಾ, ಈ ಕನ್ನಡಕ ಒಡೆದದ್ದು ಇವನು. ನಂಗೆ ಹೊಡೀತಾನೆ. ನಾನು ಹೋಗಲ್ಲ." ಅವನ ಮುಖ ಕಪ್ಪಿಟ್ಟಿತು. ನೋಡುತ್ತಲೇ ಹೇಳಿದೆ, "ಹೋಗಲ್ಲ ಅಂದ್ರೆ ಹೋಗಲ್ಲ!"

ಅಪ್ಪ ಕೌಂಟರ್ ದಾಟಿ ಬಂದು ನಮ್ಮಿಬ್ಬರ ನಡುವೆ ನಿಂತರು. "ಕೇಳಿಸ್ತಲ್ಲ? ಹೊರಡು. ಇನ್ನೊಮ್ಮೆ ಈ ಕಡೆ ತಲೆ ಹಾಕಿದ್ರೆ ಪೊಲೀಸ್ ಸ್ಟೇಷನ್ನಲ್ಲಿ ಮಾತಾಡೋಣ."

ಅವನು ಹೋದ. ಅಪ್ಪನ ಭುಜ ಹಿಡಿದು ಗಳಗಳನೆ ಅತ್ತೆ.

ಸಂಜೆ ಗೂಬೆ ಮತ್ತೆ ಕಣ್ಣು ಪರೀಕ್ಷೆ ಮಾಡಿದ. ಈ ಸಲ ಪಟಪಟನೆ ಉತ್ತರ ಹೇಳಿದೆ. ದೀಪ ಹಾಕಿದ ಮೇಲೂ ಅವನು ಅಲ್ಲೇ ನಿಂತಿದ್ದ.

"ಬೆಳಗ್ಗೆ ನಾನು ಬಾಯಿ ಹಾಕ್ಬಾರದಿತ್ತು. ತಪ್ಪಾಯ್ತು." ಸುಮ್ಮನೆ ಕೆಮ್ಮಿದ. "ನೀನಂದ್ರೆ ನಂಗೆ ಶಾಲೆಯಿಂದಲೂ ಇಷ್ಟ. ನಾಳೆ ಪಾರ್ಕ್ ಕಡೆ ಒಂದು ಸುತ್ತು ಹೋಗೋಣ್ವಾ?"

"ಬೇಡ."

ಅವನ ಮುಖವನ್ನೇ ನೋಡಿದೆ. ಈಗ ಬದಲಾಗುತ್ತದೆ, ಇನ್ನೇನು ಬದಲಾಗುತ್ತದೆ. ಕಿವಿ ಕೆಂಪಾಯಿತು, ಅಷ್ಟೇ. "ಸರಿ ಕಣೇ" ಎಂದು, ಯಾರದೋ ಕನ್ನಡಕದ ತಿರುಪು ಬಿಗಿಮಾಡುತ್ತಾ ಕೂತ. ಸ್ವಲ್ಪ ಹೊತ್ತಿಗೆ, ಟೀ ಕುಡೀತೀಯಾ ಎಂದು ಕೇಳಿದ.

ಬೇಡ ಎಂದ ಮೇಲೂ ಒಬ್ಬ ಗಂಡಸು ಹೀಗಿರಬಹುದು! ಇವನನ್ನು ಪ್ರೀತಿಸುತ್ತಿದ್ದೇನೆ ಎಂದು ಆ ಗಳಿಗೆಯಲ್ಲೇ ಗೊತ್ತಾಯಿತು. ಹೇಳಲಿಲ್ಲ. ಹೇಳುವ ದಿನವನ್ನು ನಾನೇ ಆರಿಸಿಕೊಳ್ಳುತ್ತೇನೆ.

"ಕುಡೀತೀನಿ ಕಣೋ," ಎಂದೆ. "ನಂಗೆ ಸಕ್ಕರೆ ಜಾಸ್ತಿ ಬೇಕು."