ಗಾಲಿ ತಟ್ಟುವವನ ಅಂಗೈ

೨೦೪೯ರ ಏಪ್ರಿಲ್ ಹನ್ನೊಂದು, ಭಾನುವಾರ, ಸಂಜೆ ಐದು ಗಂಟೆ ಹದಿನೇಳು ನಿಮಿಷ. ಹುಬ್ಬಳ್ಳಿ ಎಂಜಿನ್ಸ್ ತಂಡದ ಯಮನೂರ ಎಸೆದ ಚೆಂಡು ಮಂಗಳೂರಿನ ಕೊನೆಯ ದಾಂಡಿಗನನ್ನು ವಂಚಿಸಿ ಹಿಂದೆ ಕುಳಿತಿದ್ದ ಕ್ಯಾಚರ್‌ನ ಕೈಗವಸಿಗೆ ಬಿತ್ತು. ಬೇಸ್‌ಬಾಲ್ ಲೀಗಿನ ಹನ್ನೊಂದು ವರ್ಷಗಳ ಇತಿಹಾಸದಲ್ಲಿ ಮೊದಲ ಬಾರಿಗೆ ಹುಬ್ಬಳ್ಳಿ ಫೈನಲ್ ತಲುಪಿತು.

ಬಿ ಗ್ಯಾಲರಿಯಲ್ಲಿ ಎಲ್ಲರೂ ಎದ್ದು ಕುಣಿಯತೊಡಗಿದರು. ಹದಿನಾಲ್ಕನೇ ಸಾಲಿನ ಫಕ್ಕೀರಪ್ಪ ಬಾರಕೇರ ಮಾತ್ರ ಏಳಲಿಲ್ಲ. ತೊಡೆಯ ಮೇಲಿದ್ದ ಹಲಗೆಯಿಂದ ಬಲ ಅಂಗೈಯನ್ನು ಎತ್ತದೆ, ಪಕ್ಕದ ಗೆಳೆಯನ ಅಂಗಿಯನ್ನು ಎಡಗೈಯಿಂದ ಎಳೆದ.

"ಲೇ ಗುರ್ಯಾ, ಕುಂದ್ರಲೇ. ಈ ಹುಡುಗನ ತೋಳು ಬಿರುಕು ಬಿಟ್ಟೈತಿ."

"ಏನಂದಿ?" ಗುರುಪಾದ ಕುಣಿಯುವುದನ್ನು ನಿಲ್ಲಿಸಿದ. "ಫೈನಲ್ಲಿಗೆ ಬಂದೀವಿ. ಇವತ್ತರ ಬಾಯಾಗ ಒಳ್ಳೇದು ಬರಲಿ."

ಫಕ್ಕೀರಪ್ಪನಿಗೆ ಅರವತ್ತೆಂಟು ವರ್ಷ. ಏಳು ವರ್ಷಗಳ ಹಿಂದೆ ಗ್ಲಾಕೋಮಾ ಅವನ ಎರಡೂ ಕಣ್ಣುಗಳ ದೃಷ್ಟಿಯನ್ನು ಕಸಿದಿತ್ತು. ಅವನ ತೊಡೆಯ ಮೇಲಿದ್ದ ಸಾಧನಕ್ಕೆ ಅದನ್ನು ರೂಪಿಸಿದ ಡಾ. ಶಮೀಮ್ ನದಾಫ ಇಟ್ಟ ಹೆಸರು 'ಸ್ಪರ್ಶಪಟ'. ಹುಬ್ಬಳ್ಳಿಯ ಜನ ಅದನ್ನು 'ಅಂಗೈ ಮೈದಾನ' ಎಂದರು, ಆ ಹೆಸರೇ ನಿಂತಿತು.

ಅದರ ತತ್ತ್ವ ಸರಳ. ಕ್ರೀಡಾಂಗಣದ ಸುತ್ತ ಇರುವ ಹನ್ನೆರಡು ಕ್ಯಾಮೆರಾಗಳು ಚೆಂಡು ಮತ್ತು ಆಟಗಾರರ ಸ್ಥಾನವನ್ನು ಸೆಕೆಂಡಿಗೆ ಸಾವಿರ ಸಲ ಗುರುತಿಸುತ್ತವೆ. ಪಟದಲ್ಲಿ ಎರಡು ಹಲಗೆಗಳಿವೆ. ಒಂದೊಂದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮೊಂಡು ಮೊಳೆಗಳು ಏಳುತ್ತ ಇಳಿಯುತ್ತ ಇರುತ್ತವೆ. ಎಡ ಅಂಗೈಯ ಕೆಳಗೆ ಇಡೀ ಮೈದಾನ: ಆಟಗಾರರು ಸಾಸಿವೆ ಕಾಳಿನಂತೆ, ಚೆಂಡು ಕಡಲೆ ಕಾಳಿನಂತೆ. ಚೆಂಡು ಮೇಲೇರಿದರೆ ಅದರ ಮೊಳೆಯೂ ಮೇಲೇರುತ್ತದೆ. ಬಲ ಅಂಗೈಯ ಕೆಳಗೆ ಎಸೆತಗಾರನಿಂದ ದಾಂಡಿಗನವರೆಗಿನ ಹದಿನೆಂಟು ಮೀಟರ್ ಮಾತ್ರ. ಆ ದೂರವನ್ನು ಚೆಂಡು ಅರ್ಧ ಸೆಕೆಂಡಿಗೂ ಕಡಿಮೆ ಸಮಯದಲ್ಲಿ ದಾಟುತ್ತದೆ. ಅಷ್ಟರಲ್ಲಿ ಅದು ಎಷ್ಟು ವೇಗವಾಗಿ ತಿರುಗುತ್ತದೋ ಮೊಳೆಗಳೂ ಅಷ್ಟೇ ವೇಗವಾಗಿ ಕಂಪಿಸುತ್ತವೆ. ಯಮನೂರನ ಚೆಂಡು ಸೆಕೆಂಡಿಗೆ ಮೂವತ್ತೇಳು ಸುತ್ತು ತಿರುಗುತ್ತಿತ್ತು. ಆ ಕಂಪನ ಬೆರಳ ತುದಿಗೆ ಸ್ಪಷ್ಟವಾಗಿ ತಿಳಿಯುತ್ತದೆ.

ಈ ಪಟ ಬರುವ ಮುನ್ನ ಐದು ಋತು ಕಾಲ ಫಕ್ಕೀರಪ್ಪನಿಗೆ ಆಟವನ್ನು ಬಾಯಲ್ಲಿ ತೋರಿಸಿದವನು ಗುರುಪಾದ. ಇಬ್ಬರೂ ರೈಲ್ವೆಯಿಂದ ನಿವೃತ್ತರಾದವರು. ಪಟ ಕೈಗೆ ಬಂದ ಮೊದಲ ವಾರವೇ ಒಂದು ಗುಟ್ಟು ಹೊರಬಿತ್ತು: ಗುರುಪಾದ ಗೆಳೆಯನ ಮನಸ್ಸು ನೋಯದಿರಲೆಂದು ಕೈಚೆಲ್ಲಿದ ಚೆಂಡುಗಳನ್ನು ಮಾತಿನಲ್ಲೇ ಹಿಡಿಸಿದ್ದ, ಬೇಲಿಯ ಒಳಗೆ ಬಿದ್ದವನ್ನು ಆಚೆ ಹಾರಿಸಿದ್ದ.

"ಹಂಗಾರ ಬಳ್ಳಾರಿ ಮ್ಯಾಲಿನ ಆ ಮೂರು ಹೋಮ್ ರನ್ನು?" ಎಂದು ಫಕ್ಕೀರಪ್ಪ ಕೇಳಿದ್ದ.

"ಒಂದು ಖರೇವು" ಎಂದಿದ್ದ ಗುರುಪಾದ. "ಉಳಿದ ಎರಡು ನನ್ನವು."

ಆ ದಿನದಿಂದ ಗುರುಪಾದನಿಗೆ ಕೆಲಸ ಇಲ್ಲದಾಯಿತು. ಆದರೂ ಪಕ್ಕದ ಕುರ್ಚಿ ಬಿಟ್ಟಿರಲಿಲ್ಲ.

ಈ ಋತು ಹುಬ್ಬಳ್ಳಿಗರನ್ನು ಬಹಳ ಗೋಳಾಡಿಸಿತ್ತು. ನವೆಂಬರಿನಲ್ಲಿ ಸಾಲಾಗಿ ಒಂಬತ್ತು ಸೋಲು. ಎಂಟು ತಂಡಗಳ ಪಟ್ಟಿಯಲ್ಲಿ ಎಂಜಿನ್ಸ್ ಎಂಟನೆಯದು. 'ಎಂಜಿನ್ ಶೆಡ್ಡಿಗೆ ಹೋಗ್ಯಾವು' ಎಂದು ಧಾರವಾಡದವರೂ ನಕ್ಕಿದ್ದರು. ಡಿಸೆಂಬರಿನಲ್ಲಿ ನವಲಗುಂದದ ಕಡೆಯ ಇಪ್ಪತ್ತೆರಡರ ಹುಡುಗ ಯಮನೂರ ತಂಡ ಸೇರಿದ. ವಾರಕ್ಕೊಂದು ಪಂದ್ಯ ಎಸೆದ, ಹದಿನೇಳರಲ್ಲಿ ಹದಿನೈದು ಗೆದ್ದ. ಅವನ ತೋಳನ್ನು ಊರು ಈಗ ತನ್ನ ಸ್ವಂತ ತೋಳೆಂದೇ ಭಾವಿಸಿತ್ತು. ಏಪ್ರಿಲ್ ಹದಿನೆಂಟರ ಫೈನಲ್‌ನಲ್ಲಿ ಮೈಸೂರಿನ ಎದುರು ಅವನೇ ಎಸೆಯಬೇಕಿತ್ತು.

ಅಂಥ ತೋಳು ಬಿರುಕು ಬಿಟ್ಟಿದೆ ಎಂಬ ಮಾತು ಗ್ಯಾಲರಿಯಲ್ಲಿ ಐದು ನಿಮಿಷದಲ್ಲಿ ಹಬ್ಬಿತು.

"ಏ ಅಜ್ಜಾ, ಮೈಸೂರಿನವರು ಏನರ ಕೊಟ್ಟಾರೇನು ನಿನಗ?" ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ.

"ಡಾಕ್ಟರಿಗೆ ಕಾಣದ್ದು ಇವನಿಗೆ ಕಂಡೈತಂತ!" ಎಂದ ಇನ್ನೊಬ್ಬ.

ಫಕ್ಕೀರಪ್ಪ ಜೇಬಿಗೆ ಕೈ ಹಾಕಿದ. ಅಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ ಇರುತ್ತಿತ್ತು. ಅದನ್ನು ಬೆರಳಲ್ಲಿ ಉರುಳಿಸುತ್ತ ಕುಳಿತ. ರೈಲ್ವೆಯಲ್ಲಿ ಅವನು ಗಾಲಿ ತಟ್ಟುವವನಾಗಿದ್ದ. ನಿಂತ ಗಾಡಿಯ ಉದ್ದಕ್ಕೂ ನಡೆದು ಒಂದೊಂದು ಗಾಲಿಗೂ ಸುತ್ತಿಗೆಯಿಂದ ತಟ್ಟುವುದು ಆ ಕೆಲಸ. ಗಟ್ಟಿ ಗಾಲಿ ಗಂಟೆಯಂತೆ ದನಿ ಕೊಡುತ್ತದೆ, ಸುತ್ತಿಗೆಯನ್ನು ಕೈಗೆ ಮರಳಿಸುತ್ತದೆ. ಬಿರುಕು ಬಿಟ್ಟ ಗಾಲಿಯಲ್ಲಿ ಸುತ್ತಿಗೆ ಒಂದು ಕ್ಷಣ ತಡವರಿಸುತ್ತದೆ. ಹಾಗೆ ತಡವರಿಸಿದ ಗಾಲಿಯ ಮೇಲೆ ಸೀಮೆಸುಣ್ಣದಿಂದ ಒಂದು ಅಡ್ಡಗೀಟು, ಒಂದು ಉದ್ದಗೀಟು. ಆ ಗುರುತು ಬಿದ್ದ ಡಬ್ಬಿಯನ್ನು ಗಾಡಿಯಿಂದ ಕಳಚಲೇಬೇಕು. ಈ ಕೆಲಸವನ್ನು ಯಂತ್ರಗಳು ವಹಿಸಿಕೊಳ್ಳುವ ಮುನ್ನ ಅದನ್ನು ಇಪ್ಪತ್ತೆರಡು ವರ್ಷ ಮಾಡಿದ ಕೊನೆಯವರಲ್ಲಿ ಅವನೊಬ್ಬ.

ಈಗ ಅವನ ಅಂಗೈಯಲ್ಲಿ ತಡವರಿಸಿದ್ದು ಯಮನೂರನ ಚೆಂಡು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವನು ಗುರುಪಾದನ ಕೈ ಹಿಡಿದು ಶಮೀಮಳ ಪ್ರಯೋಗಾಲಯಕ್ಕೆ ಹೋದ.

"ಕಾಕಾ, ಮೊಳೆ ಸವದಿರಬೇಕು" ಎಂದಳು ಅವಳು. "ತಂಡದ ಕಂಪ್ಯೂಟರಿನಾಗ ಪ್ರತಿ ಎಸೆತದ ಲೆಕ್ಕ ಐತಿ. ವೇಗ ಅಷ್ಟ ಐತಿ, ಸುತ್ತು ಅಷ್ಟ ಐತಿ. ಏನೂ ಬದಲಾಗಿಲ್ಲ."

"ಸುತ್ತು ಕಡಿಮಿ ಆಗೈತಿ ಅಂತ ನಾ ಎಲ್ಲಿ ಅಂದೆ, ಮೇಡಂ? ಕೈ ಬಿಟ್ಟ ಮ್ಯಾಲ ಮೊದಲ ನಾಲ್ಕು ಬೆರಳು ದೂರ ಅದು ಕುಂಟತೈತಿ. ಆಮ್ಯಾಲ ಸರಿ ಆಗತೈತಿ. ಮೊದಲು ಹಿಂಗ ಇರಲಿಲ್ಲ."

ಶಮೀಮ್ ಹಲಗೆ ಬದಲಾಯಿಸಿ, ದಾಖಲಾಗಿದ್ದ ಭಾನುವಾರದ ಎಸೆತಗಳನ್ನು ಮತ್ತೆ ಅವನ ಅಂಗೈಗೆ ಕೊಟ್ಟಳು. ಕುಂಟು ಹೋಗಲಿಲ್ಲ. ಬೇರೆ ಎಸೆತಗಾರರ ಚೆಂಡುಗಳನ್ನು ಕೊಟ್ಟಳು. ಅವುಗಳಲ್ಲಿ ಕುಂಟು ಇರಲಿಲ್ಲ. ಕೊನೆಗೆ ಯಮನೂರನ ಡಿಸೆಂಬರಿನ ಇಪ್ಪತ್ತು ಎಸೆತಗಳನ್ನೂ ಏಪ್ರಿಲ್‌ನ ಇಪ್ಪತ್ತು ಎಸೆತಗಳನ್ನೂ ಕಲಸಿ, ತನಗೂ ಕ್ರಮ ಗೊತ್ತಾಗದಂತೆ ಯಂತ್ರದಿಂದಲೇ ಕೊಡಿಸಿದಳು. ಫಕ್ಕೀರಪ್ಪ ಪ್ರತಿಯೊಂದಕ್ಕೂ 'ಗಟ್ಟಿ' ಅಥವಾ 'ಬಿರುಕು' ಎಂದ. ನಲವತ್ತರಲ್ಲಿ ಮೂವತ್ತೇಳು ಸರಿಯಾಗಿದ್ದವು.

ಶಮೀಮ್ ತನ್ನ ಹಳೆಯ ಟಿಪ್ಪಣಿಗಳನ್ನು ತೆರೆದಳು.

"ಏನಾತ್ರೀ?" ಎಂದ ಗುರುಪಾದ.

"ತಪ್ಪು ನಮ್ಮದು, ಕಾಕಾ. ಕ್ಯಾಮೆರಾ ಕೊಡೋ ಅಂಕಿಯೊಳಗ ಸಣ್ಣ ನಡುಕ ಇರತೈತಿ. ಅದು ಕ್ಯಾಮೆರಾದ ದೋಷ ಅಂತ ಎಲ್ಲಾ ತಂಡದ ಕಂಪ್ಯೂಟರೂ ಅದನ್ನ ನಯ ಮಾಡಿ ಅಳಿಸಿಬಿಡತಾವು. ಹಂಗ ಅಳಸಾಕ ಒಂದೀಟು ಹೊತ್ತು ಬೇಕು. ಪಟದಾಗ ತಡ ಆಗಬಾರದು ಅಂತ ನಾ ಆ ಹಂತ ಬಿಟ್ಟಿದ್ದೆ. ಅಂದರ ಕಚ್ಚಾ ಅಂಕಿ ಮುಟ್ಟಾಕತ್ತವರು ಜಗತ್ತಿನಾಗ ನೀವಷ್ಟ."

ಎಲ್ಲರೂ ದೋಷವೆಂದು ಅಳಿಸುತ್ತಿದ್ದ ನಡುಕದಲ್ಲೇ ಸುದ್ದಿ ಇತ್ತು. ಅವಳು ಇಡೀ ಋತುವಿನ ಕಚ್ಚಾ ಅಂಕಿಗಳನ್ನು ಹುಡುಕಿದಳು. ಮಾರ್ಚ್ ಏಳರ ಪಂದ್ಯದ ಆರನೇ ಇನ್ನಿಂಗ್ಸ್‌ನಲ್ಲಿ ಕುಂಟು ಮೊದಲು ಕಾಣಿಸಿಕೊಂಡಿತ್ತು. ಅಲ್ಲಿಂದ ವಾರವಾರಕ್ಕೂ ಹೆಚ್ಚಿತ್ತು.

ಬುಧವಾರ ತಂಡದ ಮುಖ್ಯ ತರಬೇತುದಾರ ಚಂಗಪ್ಪ ಶಮೀಮ್ ಮತ್ತು ಫಕ್ಕೀರಪ್ಪನ ಮಾತು ಕೇಳಿದ. ಅವನ ಮೇಜಿನ ಮೇಲೆ ತಂಡದ ವೈದ್ಯರ ವರದಿ ಇತ್ತು. ಭುಜದ ಸ್ಕ್ಯಾನ್‌ನಲ್ಲಿ ಯಾವ ತೊಂದರೆಯೂ ಇಲ್ಲ ಎಂದು ಅದರಲ್ಲಿ ಬರೆದಿತ್ತು.

"ಯಾವ ತಾರೀಕಿನ ಸ್ಕ್ಯಾನು?" ಎಂದು ಶಮೀಮ್ ಕೇಳಿದಳು.

"ಮಾರ್ಚ್ ಎರಡು."

"ಕುಂಟು ಶುರುವಾದದ್ದು ಏಳಕ್ಕೆ."

ಚಂಗಪ್ಪ ಫಕ್ಕೀರಪ್ಪನ ಕಡೆ ತಿರುಗಿದ. "ನೋಡಿ, ಹನ್ನೊಂದು ವರ್ಷ ಕಾದು ಈ ಊರು ಫೈನಲ್ ನೋಡ್ತಾ ಇದೆ. ಅವನ ಬದಲಿಗೆ ನನ್ನ ಹತ್ರ ಇರೋದು ಹಾದಿಮನಿ ಒಬ್ಬ. ಈ ವರ್ಷ ಏಳು ಪಂದ್ಯದಲ್ಲಿ ಆರು ಸೋತಿದ್ದಾನೆ. ಹುಡುಗ ನೋವಿಲ್ಲ ಅಂತಾನೆ. ನಿಮ್ಮ ಅಂಗೈ ನಂಬಿ ಅವನನ್ನು ಕೂರಿಸಿ, ಆಮೇಲೆ ನೀವು ತಪ್ಪು ಅಂತಾದ್ರೆ?"

"ಇಪ್ಪತ್ತೆರಡು ವರ್ಷದಾಗ ಎರಡು ಸಲ ತಪ್ಪೀನ್ರೀ" ಎಂದ ಫಕ್ಕೀರಪ್ಪ. "ಎರಡೂ ಸಲ ರೈಲು ತಡ ಆತು. ಅಷ್ಟರೀ."

ಚಂಗಪ್ಪ ಯಮನೂರನನ್ನು ಕರೆಸಿದ. ಹುಡುಗ ಬಾಗಿಲಲ್ಲೇ ನಿಂತ.

"ನನಗ ಏನೂ ಆಗಿಲ್ರೀ ಸರ್. ಯಾರ ಕೇಳಿದರೂ ಅದನ್ನ ಹೇಳತೀನಿ."

"ನಾ ಕೇಳಾಂಗಿಲ್ಲಪಾ" ಎಂದ ಫಕ್ಕೀರಪ್ಪ. "ಗಾಲಿನ ಯಾರರ ಕೇಳತಾರೇನು? ಇಲ್ಲಿ ಬಾ."

ಹುಡುಗ ಬಂದ. ಫಕ್ಕೀರಪ್ಪ ಅವನ ಬಲ ಭುಜವನ್ನು ಹುಡುಕಿ ಕೈಯಿಟ್ಟ. ಒತ್ತಲಿಲ್ಲ.

"ಮಾರ್ಚ್ ಏಳು, ಆರನೇ ಇನ್ನಿಂಗ್ಸ್. ಅವತ್ತು ಏನಾತು?"

ಯಮನೂರ ತಲೆ ತಗ್ಗಿಸಿದ.

"ಚಳಕ್ ಅಂತಂದಿತ್ತು, ಅಜ್ಜಾ" ಎಂದ ಕೊನೆಗೆ, ಬಹಳ ಸಣ್ಣ ದನಿಯಲ್ಲಿ. "ಯಾರಿಗೂ ಹೇಳಿಲ್ಲ. ಬಟ್ಟಿ ಹಾಕ್ಕೊಳ್ಳಾಕ ಎಡಗೈಯಿಂದ ತೋಳ ಎತ್ತತೀನಿ. ಆದರ ಫೈನಲ್ಲು... ಊರ ಮಂದಿ ನನ್ನ ಮ್ಯಾಲ ಕುಂತಾರ."

"ಗಾಡಿಯೊಳಗೂ ಮಂದಿ ಕುಂತಿರತಾರ. ಅದಕ್ಕ ತಟ್ಟೋದು."

ಫಕ್ಕೀರಪ್ಪ ಜೇಬಿನಿಂದ ಸೀಮೆಸುಣ್ಣ ತೆಗೆದು, ಹುಡುಗನ ನೀಲಿ ಅಂಗಿಯ ಬಲ ಭುಜದ ಮೇಲೆ ಒಂದು ಅಡ್ಡಗೀಟು, ಒಂದು ಉದ್ದಗೀಟು ಎಳೆದ. ಯಮನೂರ ಅದನ್ನು ಒರೆಸಲಿಲ್ಲ.

ಮರುದಿನ ತೋಳನ್ನು ಮೇಲೆತ್ತಿಸಿ ಸ್ಕ್ಯಾನ್ ಮಾಡಿದಾಗ ಭುಜದ ಸ್ನಾಯುರಜ್ಜು ಮೂರನೇ ಒಂದು ಭಾಗ ಹರಿದಿರುವುದು ಕಂಡಿತು. ಇನ್ನೊಂದು ಪಂದ್ಯ ಎಸೆದಿದ್ದರೆ ಪೂರ್ತಿ ಹರಿಯುತ್ತಿತ್ತು ಎಂದರು ವೈದ್ಯರು. ತಂಡ ಮಾತ್ರ ಒಂದೇ ಸಾಲಿನ ಪ್ರಕಟಣೆ ಕೊಟ್ಟಿತು: ಯಮನೂರ ಆಡುವುದಿಲ್ಲ.

ಭಾನುವಾರ ಮಧ್ಯಾಹ್ನ ಹದಿನಾಲ್ಕನೇ ಸಾಲಿಗೆ ಹೋಗುವ ದಾರಿಯಲ್ಲಿ ಫಕ್ಕೀರಪ್ಪನಿಗೆ ಯಾರೂ ಜಾಗ ಬಿಡಲಿಲ್ಲ.

"ಬಂದಾ ನೋಡ್ರೀ ಅಪಶಕುನದ ಹಕ್ಕಿ!"

"ಸೋತರ ಇವತ್ತು ನಿನ್ನ ಮನಿ ಮುಂದ ಬರತೀವಿ, ಅಜ್ಜಾ!"

"ಬರ್ರೀ" ಎಂದ ಗುರುಪಾದ. "ತಿನ್ನಾಕ ಗಿರಮಿಟ್ಟು ನೀವ ತರ್ರೀ." ಮೊಣಕೈಯಿಂದ ದಾರಿ ಮಾಡಿ ಗೆಳೆಯನನ್ನು ಕೂರಿಸಿದ.

ಮೂವತ್ತನಾಲ್ಕರ ಹಾದಿಮನಿ ಎಡಗೈ ಎಸೆತಗಾರ. ವೇಗ ಕಡಿಮೆ. ಮೊದಲ ಇನ್ನಿಂಗ್ಸ್‌ನಲ್ಲೇ ಮೈಸೂರು ಎರಡು ರನ್ ತೆಗೆಯಿತು. ಫಕ್ಕೀರಪ್ಪ ಬಲ ಅಂಗೈಯನ್ನು ಒತ್ತಿ ಹಿಡಿದಿದ್ದ.

"ಹೆಂಗೈತಿ?" ಎಂದು ಗುರುಪಾದ ಪಿಸುಗುಟ್ಟಿದ.

"ನಿಧಾನ ಐತಿ. ಆದರ ಗಟ್ಟಿ ಗಾಲಿ. ಗೂಡ್ಸ್ ಗಾಡಿ ಹಂಗ. ಹೊರಡಾಕ ಹೊತ್ತು ಹಿಡೀತೈತಿ, ನಿಂದ್ರಾಂಗಿಲ್ಲ."

ಹಾದಿಮನಿ ನಿಲ್ಲಲಿಲ್ಲ. ಎರಡರಿಂದ ಎಂಟನೇ ಇನ್ನಿಂಗ್ಸ್‌ವರೆಗೆ ಮೈಸೂರಿಗೆ ಒಂದು ರನ್ನೂ ಬಿಡಲಿಲ್ಲ. ನಾಲ್ಕನೆಯದರಲ್ಲಿ ಹುಬ್ಬಳ್ಳಿ ಒಂದು ರನ್ ಗಳಿಸಿತು. ಏಳನೆಯದರಲ್ಲಿ ಎರಡು. ಮೂರು–ಎರಡು. ಆರು ತಿಂಗಳು ಶೆಡ್ಡಿನ ಮಾತು ಕೇಳಿ ಬೇಸತ್ತಿದ್ದ ಜನ ಎಂಜಿನ್ನಿನ ಶಿಳ್ಳೆಯಂತೆ ಒಂದೇ ಉಸಿರಿನಲ್ಲಿ ಕೂಗತೊಡಗಿದರು.

ಒಂಬತ್ತನೇ, ಕೊನೆಯ ಇನ್ನಿಂಗ್ಸ್. ಮೈಸೂರಿನ ಇಬ್ಬರು ಔಟಾಗಿದ್ದರು, ಮೂರನೆಯವನು ಔಟಾದರೆ ಆಟ ಮುಗಿಯುತ್ತಿತ್ತು; ಇನ್ನಿಬ್ಬರು ಎರಡನೇ ಮತ್ತು ಮೂರನೇ ಬೇಸ್‌ಗಳಲ್ಲಿ ಓಡಲು ಸಿದ್ಧರಾಗಿ ನಿಂತಿದ್ದರು. ಒಂದು ಒಳ್ಳೆಯ ಹೊಡೆತ ಬಿದ್ದರೆ ಮೈಸೂರು ಮುಂದೆ. ದಾಂಡಿಗ ಹೊಡೆದ. ದಾಂಡಿನ ಸದ್ದು ಇಡೀ ಕ್ರೀಡಾಂಗಣಕ್ಕೆ ಕೇಳಿಸಿತು.

"ನನಗ ನೋಡಾಕ ಆಗವಲ್ದು!" ಗುರುಪಾದ ಕಣ್ಣು ಮುಚ್ಚಿ ಗೆಳೆಯನ ತೋಳು ಹಿಡಿದ. "ನೀನ ಹೇಳಲೇ, ಫಕ್ಕೀರ್ಯಾ!"

"ಮ್ಯಾಲ ಹೋತು."

"ಎಷ್ಟು ಮ್ಯಾಲ?"

"ಮೊಳೀ ಅಂಗೈಗೆ ಚುಚ್ಚಾಕತ್ತೈತಿ. ಬೇಲಿ ಕಡೆ ಹೊಂಟೈತಿ. ನಮ್ಮ ಹುಡುಗ ಓಡಾಕತ್ಯಾನ..."

"ಖರೇ ಹೇಳ ಮತ್ತ, ನನ್ನಂಗ ಹೇಳಬ್ಯಾಡ!"

"ತಡೀ." ಎಡ ಅಂಗೈಯ ಅಂಚಿನಲ್ಲಿ ಕಡಲೆ ಕಾಳು ಇಳಿಯುತ್ತ ಬಂತು, ಸಾಸಿವೆ ಕಾಳು ತೆವಳುತ್ತ ಬಂತು, ಎರಡೂ ಒಂದಾದವು, ಹಾಗೆಯೇ ಉಳಿದವು.

"ಹಿಡದ" ಎಂದ ಫಕ್ಕೀರಪ್ಪ.

ಅಂಪೈರ್ ಕೈ ಎತ್ತುವುದಕ್ಕೂ ಮೊದಲೇ ಗುರುಪಾದ ಕುರ್ಚಿಯ ಮೇಲೆ ಹತ್ತಿದ್ದ. ಹಿಂದಿನ ಸಾಲಿನವರು ಫಕ್ಕೀರಪ್ಪನನ್ನು ಪಟ ಸಮೇತ ಎತ್ತಿಕೊಂಡರು. "ಇಳಸ್ರಲೇ, ಹಲಗಿ ಒಡೀತೈತಿ" ಎಂದು ಅವನು ಬೈಯುತ್ತಲೇ ಇದ್ದ. ಯಾರೂ ಇಳಿಸಲಿಲ್ಲ. ಕೆಳಗೆ ಮೈದಾನದಲ್ಲಿ ಯಮನೂರ ಎಡಗೈಯಲ್ಲಿ ಟ್ರೋಫಿ ಎತ್ತಿದ. ಅದೇ ನೀಲಿ ಅಂಗಿಯ ಬಲ ಭುಜದ ಬಿಳಿ ಗುರುತು ದೊಡ್ಡ ಪರದೆಯ ಮೇಲೆ ಕಂಡಾಗ ಅದೇನೆಂದು ಕೇಳದವರಿಲ್ಲ. ಸಂಜೆ ಏಳರ ಹೊತ್ತಿಗೆ ದುರ್ಗದ ಬೈಲು ಚೌಕದಲ್ಲಿ ಕುಣಿಯುತ್ತಿದ್ದವರ ಭುಜಗಳ ಮೇಲೆಲ್ಲ ಸೀಮೆಸುಣ್ಣದ ಎರಡು ಗೀಟುಗಳಿದ್ದವು.

ಶಮೀಮ್ ಮೇ ತಿಂಗಳಲ್ಲಿ ಮತ್ತೊಂದು ಪರೀಕ್ಷೆ ನಡೆಸಿದಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮೂವತ್ತು ಮಂದಿ ದೃಷ್ಟಿಯುಳ್ಳವರು ಕುಂಟನ್ನು ಗುರುತಿಸಲು ಹೋಗಿ ಅರ್ಧಕ್ಕರ್ಧ ತಪ್ಪಿದರು. ವರ್ಷಗಳಿಂದ ಬೆರಳಿನಲ್ಲೇ ಓದುತ್ತಿದ್ದ ಮೂವತ್ತು ಮಂದಿ ಅಂಧರು ಹತ್ತರಲ್ಲಿ ಒಂಬತ್ತು ಸಲ ಸರಿ ಹೇಳಿದರು. ನೋಡಲಾಗದವರಿಗೆ ಆಟ ತೋರಿಸಲೆಂದು ಮಾಡಿದ ಸಾಧನ, ನೋಡಬಲ್ಲವರಿಗೆ ಕಾಣದ್ದನ್ನು ಹಿಡಿಯುವ ಸಾಧನವಾಗಿತ್ತು. ಆಗಸ್ಟಿನಲ್ಲಿ ಲೀಗಿನ ಎಂಟೂ ತಂಡಗಳು 'ಎಸೆತ ಪರೀಕ್ಷಕ' ಹುದ್ದೆಗೆ ಅರ್ಜಿ ಕರೆದವು. ದೃಷ್ಟಿ ಇರಬಾರದು ಎಂಬುದು ಅರ್ಹತೆಗಳಲ್ಲಿ ಮೊದಲನೆಯದಾಗಿತ್ತು. ಇನ್ನೂರ ಹನ್ನೆರಡು ಮಂದಿಯ ಅರ್ಜಿಗಳು ಕಣ್ಣು ಕಾಣುತ್ತದೆ ಎಂಬ ಕಾರಣಕ್ಕೆ ತಿರಸ್ಕೃತವಾದವು. ಅವರಲ್ಲಿ ಗುರುಪಾದನೂ ಒಬ್ಬ.

ನವೆಂಬರ್ ಏಳರ ಭಾನುವಾರ, ಮಧ್ಯಾಹ್ನ ನಾಲ್ಕು ಗಂಟೆ ಎರಡು ನಿಮಿಷಕ್ಕೆ, ಹೊಸ ಋತುವಿನ ಮೊದಲ ಚೆಂಡನ್ನು ಭುಜ ವಾಸಿಯಾದ ಯಮನೂರ ಎಸೆದ. ಆಟಗಾರರ ಬೆಂಚಿನ ಪಕ್ಕದ ಕುರ್ಚಿಯಲ್ಲಿ ತಂಡದ ಎಸೆತ ಪರೀಕ್ಷಕ ಫಕ್ಕೀರಪ್ಪ ಬಲ ಅಂಗೈಯನ್ನು ಹಲಗೆಯ ಮೇಲಿಟ್ಟಿದ್ದ. ಸೀಮೆಸುಣ್ಣ ಜೇಬಿನಲ್ಲೇ ಉಳಿಯಿತು.