ಅರಕಲಗೂಡಿನ ಉಪ್ಪಿಟ್ಟು, ರೋಮಿನ ಆಲೂಗಡ್ಡೆ

ಪ್ಯಾಂಥಿಯನ್‌ನ ದೊಡ್ಡ ಕಂಬಗಳ ಕೆಳಗೆ ಪಾಲಾಕ್ಷ ಶೂ ಬಿಚ್ಚತೊಡಗಿದಾಗ, ಒಳಗೆ ಕಲ್ಲೇನೋ ಸೇರಿರಬೇಕು ಎಂದುಕೊಂಡಳು ಮಾನಸಾ. ಅವನು ಎರಡನ್ನೂ ಬಿಚ್ಚಿದ. ಸಾಕ್ಸ್ ಮಡಚಿ ಒಳಗೆ ತುರುಕಿದ. ಜೋಡಿಯನ್ನು ಕಂಬದ ಬುಡಕ್ಕೆ ಒತ್ತಿಟ್ಟು ಬರಿಗಾಲಲ್ಲಿ ಬಂದು ಸಾಲಿನಲ್ಲಿ ನಿಂತ.

"ಇಲ್ಲಿ ಯಾರೂ ಬಿಚ್ಚಲ್ಲ ಕಣ್ರೀ," ಎಂದಳು. ರೋಮಿಗೆ ಬಂದ ಮೂರು ದಿನದಲ್ಲಿ ಅವನೊಂದಿಗೆ ಆಡಿದ ಮೊದಲ ಮಾತು ಅದು.

"ದೇವಸ್ಥಾನ ಅಂದ್ರಲ್ಲ ಗೈಡು?"

"ಅದು ಎರಡು ಸಾವಿರ ವರ್ಷದ ಹಿಂದೆ. ಈಗ ಚರ್ಚು."

"ಚರ್ಚಲ್ಲಿರೋನೂ ದೇವ್ರೇ ತಾನೆ? ಬೆಳಗೊಳದ ಬೆಟ್ಟನ ಶೂ ಹಾಕ್ಕಂಡ್ ಹತ್ತಿದೋನಲ್ಲ ನಾನು." ಅಷ್ಟು ಹೇಳಿ ಅವಳ ಶೂಗಳನ್ನು ನೋಡಿದ, ತುಟಿಯ ಒಂದೇ ಬದಿಯಲ್ಲಿ ನಕ್ಕ. ಮಾನಸಾ ಕಾಲು ಹಿಂದಕ್ಕೆಳೆದುಕೊಂಡಳು. ಯಾಕೆ ಎಳೆದುಕೊಂಡೆ ಎಂದು ತನ್ನ ಮೇಲೇ ಸಿಟ್ಟು ಬಂತು.

ಪೈಪ್ ಕಂಪನಿಯೊಂದು ಟಾರ್ಗೆಟ್ ಮುಟ್ಟಿದ ಡೀಲರ್‌ಗಳನ್ನು ಐದು ದಿನ ರೋಮಿಗೆ ಕರೆತಂದಿತ್ತು. ಹಾಸನ ಜಿಲ್ಲೆಯಿಂದಲೇ ಹದಿನಾಲ್ಕು ಜನ. ಅರಕಲಗೂಡಿನ ಈಶ್ವರಯ್ಯನವರ ಹಾರ್ಡ್‌ವೇರ್ ಅಂಗಡಿಯ ಪರವಾಗಿ ಮಗಳು ಮಾನಸಾ ಬಂದಿದ್ದಳು. ಬೋರ್ಡಿನಲ್ಲಿ ಅಪ್ಪನ ಹೆಸರಿದ್ದರೂ ನಾಲ್ಕು ವರ್ಷದಿಂದ ಅಂಗಡಿ ನಡೆಸುತ್ತಿದ್ದವಳು ಅವಳೇ. ಪಾಲಾಕ್ಷನದು ಹೊಳೆನರಸೀಪುರದಲ್ಲಿ ಪಂಪ್‌ಸೆಟ್ ಅಂಗಡಿ, ಊರು ಹಳೇಕೋಟೆ.

ಎರಡು ವರ್ಷದ ಹಿಂದೆ ಅವನು ಅವಳನ್ನು ನೋಡಲು ಬಂದಿದ್ದ. ಉಪ್ಪಿಟ್ಟು ಅವಳೇ ಮಾಡಿದ್ದಳು. ತಟ್ಟೆ ಮುಂದಿಟ್ಟಾಗ ಅವನು ಕೈಮುಗಿದ, ಮುಟ್ಟಲಿಲ್ಲ. ಜೊತೆಗೆ ಬಂದವರೂ ಮುಟ್ಟಲಿಲ್ಲ. ಅವರು ಹೊರಟ ಮೇಲೆ ಅಮ್ಮ ತಟ್ಟೆಗಳನ್ನು ಎತ್ತುತ್ತಾ, "ಅವ್ರಿಗೆ ಬೇಡ," ಎಂದಳು. ಮಾನಸಾಳ ಮನೆಯ ಕಡೆ, ತಟ್ಟೆ ಮುಟ್ಟದೆ ಎದ್ದರೆ ಅಷ್ಟೇ ಅರ್ಥ. ಆಮೇಲೆ ಎರಡೂ ಕಡೆಯಿಂದ ಫೋನ್ ಹೋಗಲಿಲ್ಲ.

ಈಗ ಹಾಸನದ ಲೆಕ್ಚರರ್ ಬಸವೇಶನ ಮನೆಯವರು ಅವಳನ್ನು ಒಪ್ಪಿದ್ದರು. ಊರಿಗೆ ಮರಳಿದ ಮೇಲೆ ಬರುವ ಭಾನುವಾರ ಅವಳು ಉತ್ತರ ಹೇಳಬೇಕಿತ್ತು. ಬೇಡ ಅನ್ನಲು ಅವಳಿಗೆ ಕಾರಣ ಸಿಕ್ಕಿರಲಿಲ್ಲ. ಒಪ್ಪಿಕೊಳ್ಳಲು ಸಿಕ್ಕಿದ್ದೂ ಅದೊಂದೇ ಕಾರಣ.

ಸಾಲು ಮುಂದೆ ಸರಿಯಿತು. ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು.

ನಡುವೆ ಒಂದೂ ಕಂಬವಿಲ್ಲ. ಅಷ್ಟಗಲದ ಗೋಡೆಯ ಮೇಲೆ ಬಾಣಲೆ ಮಗುಚಿಟ್ಟಂತೆ ಗುಮ್ಮಟ. ಅದರ ನೆತ್ತಿಯಲ್ಲಿ ದುಂಡನೆಯ ತೂತು. ಅದಕ್ಕೆ ಗಾಜಿಲ್ಲ, ಮುಚ್ಚಳವಿಲ್ಲ, ಬರೀ ಆಕಾಶ. ಅಲ್ಲಿಂದ ಇಳಿದ ಬಿಸಿಲು ನೆಲದ ಮೇಲೆ ದೊಡ್ಡ ಬಿಲ್ಲೆಯಾಗಿ ಬಿದ್ದು, ನೋಡುತ್ತಿದ್ದಂತೆಯೇ ಕೂದಲೆಳೆಯಷ್ಟು ಸರಿಯುತ್ತಿತ್ತು. ನೂರಾರು ಜನರಿದ್ದರೂ ಎಲ್ಲರೂ ಪಿಸುಗುಟ್ಟುತ್ತಿದ್ದರು.

"ಮಳೆ ಬಂದ್ರೆ?" ಅವಳೂ ಪಿಸುಗುಟ್ಟಿದಳು.

ಪಾಲಾಕ್ಷ ಕುಕ್ಕರುಗಾಲಲ್ಲಿ ಕೂತು ಅಮೃತಶಿಲೆಯಲ್ಲಿದ್ದ ಪುಟ್ಟ ತೂತುಗಳನ್ನು ತೋರಿಸಿದ. "ನೋಡಿ, ನೆಲಕ್ಕೆ ವಾಟ ಕೊಟ್ಟವ್ರೆ. ಮಧ್ಯೆ ಉಬ್ಬು. ನೀರು ಇಲ್ಲಿಗೆ ಬಂದು ಇಳೀತದೆ."

"ಎರಡು ಸಾವಿರ ವರ್ಷದಿಂದ?"

"ನಾವು ಹಾಕ್ಸಿದ್ದು ಎರಡೇ ವರ್ಷಕ್ಕೆ ಕಟ್ಕತದೆ."

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು. ಅವನು ಎದ್ದು ಬರಿಗಾಲನ್ನು ಬಿಸಿಲಿನ ಬಿಲ್ಲೆಯೊಳಗಿಟ್ಟು ತಲೆಯೆತ್ತಿದ. ಬಾಯಿ ಅರ್ಧ ತೆರೆದೇ ಇತ್ತು. ಬೆರಗನ್ನು ಮುಚ್ಚಿಟ್ಟುಕೊಳ್ಳಲು ಬಾರದ ಮುಖ. ಈ ಮುಖ ಅಂದು ತನಗೆ ಯಾಕೆ ಕಾಣಲಿಲ್ಲ ಎಂದು ಯೋಚಿಸಿದಳು. ಅಂದು ಅವಳು ತಲೆ ತಗ್ಗಿಸಿ ಅವನ ತಟ್ಟೆಯನ್ನಷ್ಟೇ ನೋಡಿದ್ದಳು.

ಹೊರಗೆ ಬಂದಾಗ ಕಂಬದ ಬುಡದಲ್ಲಿ ಶೂ ಇರಲಿಲ್ಲ.

"ಅಲ್ಲ ಕಣ್ಲಾ, ಇದೇನ್ ನಮ್ಮೂರ ಗುಡಿ ಬಾಗ್ಲಾ, ಟೋಕನ್ ಕೊಟ್ಟು ಮಡೀಕಳಾಕೆ?" ಗುಂಪಿನ ಹಿರಿಯರಾದ ಚನ್ನರಾಯಪಟ್ಟಣದ ತಮ್ಮಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಯಲು ಸಮಯವಿಲ್ಲ, ಎರಡು ಗಂಟೆಗೆ ಟ್ರೆವಿ ಕಾರಂಜಿಯ ಹತ್ತಿರ ಸೇರಿಕೊಳ್ಳಿ ಎಂದ ಗೈಡ್. ಪಾಲಾಕ್ಷನ ಫೋನಿನಲ್ಲಿ ನೆಟ್ ಇರಲಿಲ್ಲ.

"ನಾನು ಕರ್ಕೊಂಡ್ ಬರ್ತೀನಿ," ಎಂದಳು ಮಾನಸಾ.

"ಓಗವ್ವ, ಓಗು. ನಿಧಾನ್ಕೇ ಬನ್ನಿ," ಎಂದ ತಮ್ಮಯ್ಯ ಬೇಕೆಂದೇ ಆಕಾಶ ನೋಡಿದರು.

ಜೂನ್ ಬಿಸಿಲಿಗೆ ಬೀದಿಯ ಕರಿಗಲ್ಲುಗಳು ಕಾದಿದ್ದವು. ಪಾಲಾಕ್ಷ ನೆರಳಿಂದ ನೆರಳಿಗೆ ಹಾರುತ್ತಾ ನಡೆದ. ಮೂಲೆಯಲ್ಲೊಂದು ಕಬ್ಬಿಣದ ನಲ್ಲಿ ತಾನೇ ತಾನಾಗಿ ಸುರಿಯುತ್ತಿತ್ತು. ತಿರುಪು ಇರಲಿಲ್ಲ, ನಿಲ್ಲಿಸುವವರೂ ಇರಲಿಲ್ಲ. ಅವನು ಬಾಯಿಗೆ ನೀರು ಹಿಡಿಯಲು ಬಗ್ಗಿದಾಗ, ಇಲ್ಲಿನವರು ಮಾಡುವುದನ್ನು ನೋಡಿದ್ದ ಮಾನಸಾ ನಲ್ಲಿಯ ಬಾಯಿಗೆ ಬೆರಳು ಒತ್ತಿದಳು. ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮಿ ಅವನ ಮುಖಕ್ಕೇ ಹೊಡೆಯಿತು.

"ಏನ್ ಪ್ರೆಶರ್ರು!" ಅವನು ಮುಖ ಒರೆಸಿಕೊಳ್ಳಲೂ ಮರೆತು ನಲ್ಲಿಯನ್ನೇ ದಿಟ್ಟಿಸಿದ. "ಈ ಊರಿಗೆ ಹಿಂದೆ ಮೋಟ್ರಿಲ್ದೆ ನೀರು ತಂದ್ರಂತಲ್ಲ. ನಾವಿಬ್ರೂ ಆಗ ಅಂಗಡಿ ಮುಚ್ಕಬೇಕಾಗಿತ್ತು."

ಮೊದಲು ಸಿಕ್ಕ ಅಂಗಡಿಯಲ್ಲಿದ್ದ ರಬ್ಬರ್ ಚಪ್ಪಲಿಗಳು ರೋಮಿನ ಬಣ್ಣದವು: ಹಳದಿ, ಕೆಂಪು. "ನಮ್ಮ ಬಾವುಟದ ಬಣ್ಣ ಕಾಲಿಗಾ?" ಎಂದು ಅವನು ಒಪ್ಪಲಿಲ್ಲ. ನೀಲಿ ಜೋಡಿ ಹುಡುಕಲು ಇನ್ನೂ ಎರಡು ಬೀದಿ ಹಾರಿದ. ಮೂರ್ಖ ಎಂದುಕೊಂಡಳು. ಹಾಗೆಂದುಕೊಳ್ಳುವಾಗ ತಾನು ನಗುತ್ತಿರುವುದೂ ಗೊತ್ತಾಯಿತು.

ಅಷ್ಟರಲ್ಲಿ ಹೊಟ್ಟೆ ಹಸಿದಿತ್ತು. ಪಿಜ್ಜಾ ಅಂಗಡಿಯ ಗಾಜಿನಾಚೆ ಮಂಚದುದ್ದದ ಪಿಜ್ಜಾಗಳು. ಒಂದರ ಮೇಲೆ ಹಾಳೆಯಷ್ಟು ತೆಳುವಾಗಿ ಹೆಚ್ಚಿ, ಅಂಚು ಕೆಂಪಗಾಗುವಂತೆ ಸುಟ್ಟ...

"ಆಲೂಗೆಡ್ಡೆ!" ಪಾಲಾಕ್ಷ ಕೂಗೇಬಿಟ್ಟ. "ನಮ್ಮ ಹೊಲದ್ದೇ ಬಂದಂಗಿದೆ ಕಣ್ರೀ!"

ಮಾಂಸವಿಲ್ಲವೆಂದು ಖಚಿತಪಡಿಸಿಕೊಂಡು ಮಾನಸಾ ದೊಡ್ಡ ತುಂಡು ಕೇಳಿದಳು. ಅಂಗಡಿಯಾಕೆ ಅದನ್ನು ಕತ್ತರಿಯಿಂದ, ಬಟ್ಟೆ ಕತ್ತರಿಸಿದಂತೆ, ಎರಡು ಹೋಳು ಮಾಡಿ ಕಾಗದದಲ್ಲಿಟ್ಟು ಕೊಟ್ಟಳು. ಇಬ್ಬರೂ ಎದುರಿನ ಮೆಟ್ಟಿಲ ಮೇಲೆ ಕೂತರು. ಎಣ್ಣೆ ಮತ್ತು ಯಾವುದೋ ಸೊಪ್ಪಿನ ಘಮ. ಅವನು ಒಂದು ತುಂಡಿಗೆ ಕೈ ಹಾಕುವ ಮೊದಲೇ ಅವಳು ಕಾಗದವನ್ನು ತನ್ನತ್ತ ಎಳೆದುಕೊಂಡಳು.

"ಅವತ್ತು ನಮ್ಮನೆ ಉಪ್ಪಿಟ್ಟು ಯಾಕೆ ಮುಟ್ಲಿಲ್ಲ?"

ಅವನ ಕೈ ಗಾಳಿಯಲ್ಲೇ ಉಳಿಯಿತು. "ಅಂದ್ರೆ? ಸಂಬಂಧ ಗಟ್ಟಿಯಾಗೋವರ್ಗೂ ಹೆಣ್ಣಿನ ಮನೇಲಿ ತಿನ್ಬಾರ್ದಲ್ವಾ? ಅವ್ವ ಹೇಳೇ ಕಳಿಸಿದ್ಲು. ಆ ಒಗ್ಗರಣೆ ವಾಸನೆಗೆ ನನ್ನ ಹೊಟ್ಟೆ ಕೂಗಿದ್ದು ನಿಮಗೂ ಕೇಳ್ಸಿರ್ಬೇಕು ಅಂದ್ಕಂಡಿದ್ದೆ."

ಮಾನಸಾಳಿಗೆ ಅಳುವೋ ನಗುವೋ ತಿಳಿಯಲಿಲ್ಲ. "ನಮ್ಮ ಕಡೆ ತಿನ್ದೇ ಎದ್ರೆ ಹುಡುಗಿ ಬೇಡ ಅಂತ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. "ನಿಮ್ಮಪ್ಪಾರ ಫೋನಿಗೆ ಮೂರು ತಿಂಗಳು ಕಾದೆ," ಎಂದ ಆಮೇಲೆ. "ಬರ್ಲಿಲ್ಲ. ನೀವೇ ಬೇಡ ಅಂದಿರ್ಬೇಕು ಅಂದ್ಕಂಡು ಸುಮ್ನಾದೆ. ಈ ಮೂರು ದಿನ ಮಾತಾಡ್ಸೋಕೂ ಧೈರ್ಯ ಬರ್ಲಿಲ್ಲ."

"ಬರೋ ಭಾನುವಾರ ನಾನು ಇನ್ನೊಬ್ರಿಗೆ ಉತ್ತರ ಹೇಳ್ಬೇಕು."

ಪಾಲಾಕ್ಷ ಕಾಲಿನ ನೀಲಿ ಚಪ್ಪಲಿಗಳನ್ನು ನೋಡುತ್ತಾ ಕೂತ. ನಗು ಪೂರ್ತಿ ಇಳಿದುಹೋಗಿತ್ತು. ಮಾನಸಾ ಅಂದು ನೋಡದೇ ಹೋದ ಮುಖವನ್ನು ಈಗ ಕಣ್ಣು ಕೀಳದೆ ನೋಡಿದಳು. ಆಮೇಲೆ ಕಾಗದವನ್ನು ನಿಧಾನವಾಗಿ ಅವನ ಮುಂದೆ ತಳ್ಳಿದಳು.

"ನಿಮ್ಮ ಕಡೆ ಗಟ್ಟಿಯಾದ್ಮೇಲೆ ತಿನ್ನೋದು. ನಮ್ಮ ಕಡೆ ತಿಂದ್ರೆ ಗಟ್ಟಿ. ಯೋಚ್ನೆ ಮಾಡಿ ಕೈ ಹಾಕಿ."

ಅವನು ತಲೆಯೆತ್ತಿದ. ಗುಮ್ಮಟದ ಕೆಳಗೆ ನಿಂತಾಗಿನ ಮುಖವೇ ಅದು, ಬಾಯಿ ಅರ್ಧ ತೆರೆದದ್ದು. ಈ ಸಲ ಅವನು ಆಕಾಶ ನೋಡುತ್ತಿರಲಿಲ್ಲ.

ತನ್ನ ತುಂಡನ್ನು ಎತ್ತಿ ಗಬಗಬನೆ ತಿಂದ. ನಾಲಿಗೆ ಸುಟ್ಟುಕೊಂಡ. ಕಣ್ಣಲ್ಲಿ ನೀರು ಬಂತು, ಆದರೂ ತಿನ್ನುವುದನ್ನು ನಿಲ್ಲಿಸಲಿಲ್ಲ. ಮುಗಿದೊಡನೆ ಅವಳ ಪಾಲಿನ ತುಂಡಿಗೂ ಕೈ ಹಾಕಿದ.

"ಒಂದು ಸಾಕಿತ್ತು ಕಣ್ರೀ!"

"ಇದು ಉಪ್ಪಿಟ್ಟಿಂದು," ಎಂದ ಪಾಲಾಕ್ಷ, ಬಾಯಿ ತುಂಬಿಕೊಂಡು.