ಅರ್ಧ ಬೊಟ್ಟು

೧೯೫೧ನೇ ಇಸವಿ ನವೆಂಬರ್ ಆರು, ಮಂಗಳವಾರ. ಬೆಳಿಗ್ಗೆ ಹತ್ತಕ್ಕೆ ಕುರುಗೋಡು ಠಾಣೆಗೆ ಬಂದ ಗಾಳೆಪ್ಪ ಸಾಹುಕಾರರು ಕುರ್ಚಿ ತೋರಿಸಿದರೂ ಕೂಡಲಿಲ್ಲ. ಬಳ್ಳಾರಿ–ಸಿರುಗುಪ್ಪ ದಾರಿಯಲ್ಲಿ ಓಡುತ್ತಿದ್ದ ಅವರ ಬಸ್ಸು ಹಿಂದಿನ ಸಂಜೆ ಬಾದನಹಟ್ಟಿಯ ಹತ್ತಿರ ರಸ್ತೆ ಬಿಟ್ಟು ಹೊಲಕ್ಕಿಳಿದು ವಾಲಿಕೊಂಡಿತ್ತು. ಮುಂದಿನ ಸ್ಪ್ರಿಂಗಿನ ಮೈನ್ ಪ್ಲೇಟು, ಅಂದರೆ ಗಾಡಿಯ ಭಾರ ಹೊರುವ ಉದ್ದನೆಯ ಉಕ್ಕಿನ ಪಟ್ಟಿ, ಎರಡು ತುಂಡಾಗಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಕಾಯಿಪಲ್ಲೆ ಮಾರಿ ತೆಕ್ಕಲಕೋಟೆಗೆ ಮರಳುತ್ತಿದ್ದ ಜೋಗಮ್ಮನ ಬಲಗೈ ಮುರಿದಿತ್ತು.

"ಡ್ರೈವರ್ ಪಕ್ಕೀರಪ್ಪ ನನ್ನ ಉಪ್ಪು ತಿಂದು ನನಗ ಎರಡು ಬಗದಾನ್ರಿ," ಎಂದರು ಸಾಹುಕಾರರು. "ನಮ್ಮ ಸ್ಟೋರಿನ್ಯಾಗ ಕೊಟ್ಟ ಒರಿಜಿನಲ್ ಪ್ಲೇಟು ಯಾರಿಗೋ ಮಾರ್ಕೊಂಡು, ಇದ ಊರಾಗಿನ ಸುಂಕಪ್ಪನ ಕುಲುಮಿಯಾಗ ಬಡಿದ ನಾಟಿ ಮಾಲು ಹಾಕ್ಯಾನ."

ಸಬ್ ಇನ್‌ಸ್ಪೆಕ್ಟರ್ ದೊಡ್ಡಬಸಪ್ಪ ಪೆನ್ನು ಎತ್ತಿಕೊಂಡರು. "ಮುರಿದ ಪ್ಲೇಟು ನೀವು ನೋಡೀರೇನು?"

"ನೋಡೋದೇನೈತ್ರಿ? ಒರಿಜಿನಲ್ ಎಲ್ಲೆರ ಮುರೀತೈತೇನು?"

ಆ ಕಾಲದ ಮೋಟಾರಿನವರಿಗೆ ಇದೇ ವೇದವಾಕ್ಯ. ಯುದ್ಧ ಮುಗಿದು ವರ್ಷಗಳಾಗಿದ್ದರೂ ಸೀಮೆಯಿಂದ ಹಡಗಿನಲ್ಲಿ ಬರಬೇಕಾದ ಸಾಮಾನು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗಾಡಿಗಳು ಓಡುತ್ತಿದ್ದದ್ದೇ ಊರೂರಿನ ಕಮ್ಮಾರರ ಸುತ್ತಿಗೆಯ ಮೇಲೆ. ಆದರೂ ಏನಾದರೂ ಕೆಟ್ಟರೆ ಬೈಗುಳ ಹೋಗಿ ಬೀಳುತ್ತಿದ್ದದ್ದು ಆ ಕಮ್ಮಾರರ ತಲೆಯ ಮೇಲೆಯೇ. ಅತ್ತೆ ಒಡೆದರೆ ಅಡಕಲ ಗಡಿಗೆ, ಸೊಸೆ ಒಡೆದರೆ ಹೊಸ ಗಡಿಗೆ ಎಂದಂತೆ.

ಫಿರ್ಯಾದಿ ಬರೆದುಕೊಂಡು FIR ದಾಖಲಿಸಿದರು. ಅಜಾಗರೂಕ ಚಾಲನೆ, ಗಾಯ, ಮಾಲೀಕನ ಸೊತ್ತಿನ ದುರುಪಯೋಗ. ಕೊನೆಯದು ಜಾಮೀನು ಸುಲಭವಾಗಿ ಸಿಗದ ಅಪರಾಧ. ಓಡಿಹೋಗದೆ ತಾನಾಗಿಯೇ ಠಾಣೆಗೆ ಬಂದು ಕೂತಿದ್ದ ಪಕ್ಕೀರಪ್ಪನನ್ನು ಕಾನ್‌ಸ್ಟೇಬಲ್ ಮಾರೆಣ್ಣ ಲಾಕಪ್ಪಿಗೆ ಹಾಕಿ ಬೀಗ ಜಡಿದ. ಬೀಗದ ಮೇಲೆ ಆಯುಧಪೂಜೆಯ ದಿನ ಹಚ್ಚಿದ್ದ ವಿಭೂತಿ, ಕುಂಕುಮ ಒಣಗಿ ಹಾಗೇ ಇತ್ತು. ಠಾಣೆಯ ಬಂದೂಕು, ಲಾಠಿ, ಸೈಕಲ್ಲುಗಳದೂ ಅದೇ ಅವತಾರ.

"ಡಿಎಸ್ಪಿ ಸಾಹೇಬ್ರು ಬರೋದ್ರಾಗ ಇವನ್ನೆಲ್ಲ ಒರಸು ಅಂತ ಎಷ್ಟು ಸಲ ಹೇಳಬೇಕೋ ನಿನಗ?" ದೊಡ್ಡಬಸಪ್ಪ ಗದರಿದರು.

"ಒರಸಬಾರದ್ರಿ ಸಾಹೇಬ್ರ," ಎಂದ ಮಾರೆಣ್ಣ. "ಪೂಜಿ ಬೊಟ್ಟು ತಾನ ಹೋಗಬೇಕು. ಬೇಕಾದ್ರ ಬಂದೂಕಕ್ಕ ಅರಿವಿ ಸುತ್ತಿ ಇಡ್ತೀನಿ."

ದೊಡ್ಡಬಸಪ್ಪ ಕಾಗದದ ಕಡೆ ತಿರುಗಿದರು. ಅವರ ಮನೆಯಲ್ಲೂ ಒನಕೆಯ ಬೊಟ್ಟು ಹಾಗೇ ಇತ್ತು.

ಪಕ್ಕೀರಪ್ಪನ ಹೆಂಡತಿ ಹೊನ್ನೂರಮ್ಮ ರೊಟ್ಟಿ ಕಟ್ಟಿಕೊಂಡು ಬಂದವಳು ಕಂಬಿಯ ಈಚೆ ನಿಂತಿದ್ದಳು. ಅವಳ ಎದುರಿಗೇ ವಿಚಾರಣೆ ನಡೆಯಿತು.

"ಸುಂಕಪ್ಪನ ಕಡಿಂದ ಪ್ಲೇಟು ಮಾಡಿಸಿದ್ದು ಖರೇನ?"

"ಖರೇರಿ. ದೀಪಾವಳಿ ಆದ ಮ್ಯಾಲ ಎರಡೂ ಕಡಿ ಬದಲಿ ಮಾಡಬೇಕಾಗಿತ್ತು. ಬಳ್ಳಾರಿ ಸ್ಟೋರಿನ್ಯಾಗ ಕಾಡಸಿದ್ದಪ್ಪಣ್ಣಾರು ಒಂದ ಒರಿಜಿನಲ್ ಕೊಟ್ರು, ಕಂಪನಿ ಮೇಣಗಾಗದ ಸುತ್ತಿದ್ದು. ಅದನ್ನ ಎಡಕ್ಕ ಹಾಕಿದ್ವಿ. ಬಲಕ್ಕ ಇರಲಿಲ್ಲ. ಸುಂಕಪ್ಪನ ಕಡಿಂದ ಮಾಡಿಸಿದೆ."

"ಸಾಹುಕಾರ್ರನ್ನ ಕೇಳಿದಿ?"

"ಇಲ್ರಿ. ಕೇಳಿದ್ರ ನಾಟಿ ಮಾಲು ಬ್ಯಾಡ ಅಂತಿದ್ರು. ಅಷ್ಟು ತಪ್ಪು ನಂದೈತಿ."

"ಮುರಿದದ್ದು ಯಾವ ಕಡಿದು?"

"ಎಡಗಡಿದ್ರಿ."

ಹೊನ್ನೂರಮ್ಮ ಆಗ ಬಾಯಿಬಿಟ್ಟಳು. "ಸಾಹೇಬ್ರ, ಲೈಸೆನ್ಸ್ ಕಸಗೊಂಡ್ರ ಇವರು ಕೂಲಿ ಮಾಡ್ತಾರ, ಬದುಕ್ತೀವಿ. ಕಳ್ಳ ಅಂತ ಹೆಸರು ಬಂದ್ರ ಮಾತ್ರ ಈ ಮನಶ್ಯಾ ಉಳಿಯಂಗಿಲ್ಲ." ಒಳಗೆ ಕೂತಿದ್ದ ಪಕ್ಕೀರಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಮಧ್ಯಾಹ್ನ ಸ್ಥಳ ಪಂಚನಾಮೆ. ಊರಿನ ಇಬ್ಬರು ಪಂಚರು, ಸಾಹುಕಾರರು, ಜೊತೆಗೆ ಕಮ್ಮಾರ ಸುಂಕಪ್ಪ. ಬಸ್ಸು ಜೋಳದ ಹೊಲದಲ್ಲಿ ಮಂಡಿಯೂರಿದ ಎತ್ತಿನಂತೆ ಇತ್ತು. ಸುಂಕಪ್ಪ ತನ್ನ ಕುಲುಮೆಯಿಂದ ಹೊರಬೀಳುವ ಕುಡಗೋಲಿಗೂ ಕುಂಟೆಯ ಕುಡಕ್ಕೂ ಉಳಿಯಿಂದ ಒಂದು ಅಡ್ಡಗೀಟು, ಅದರ ಮೇಲೆರಡು ಚುಕ್ಕೆ ಹೊಡೆಯುತ್ತಿದ್ದ. ಮಾರೆಣ್ಣ ಬಲಗಡೆಯ ಸ್ಪ್ರಿಂಗಿನ ಮಣ್ಣು ಕೆರೆದ. ಗೀಟು, ಎರಡು ಚುಕ್ಕೆ. ಆ ಪ್ಲೇಟು ಜಗ್ಗಿರಲಿಲ್ಲ, ಸೀಳಿರಲಿಲ್ಲ. ಎಡಗಡೆ ಮುರಿದುಬಿದ್ದಿದ್ದ ತುಂಡನ್ನು ತಿರುಗಿಸಿದರೆ ಸೀಮೆ ಕಂಪನಿಯ ಅಕ್ಷರಗಳು.

ಸಾಹುಕಾರರು ಬಗ್ಗಿ ನೋಡಿದರು. ಎದ್ದು ನಿಂತು ಮತ್ತೊಮ್ಮೆ ಬಗ್ಗಿದರು. "ಹಂಗಾರ ಒರಿಜಿನಲ್ಲ ಮುರಿದೈತೇನ್ರಿ?"

"ಬರಕೋರಿ," ಎಂದರು ದೊಡ್ಡಬಸಪ್ಪ ಪಂಚರಿಗೆ. ಮುರಿದ ಬಾಯಿ ಅರ್ಧ ಬೆಳ್ಳಗೆ ಮಿಂಚುತ್ತಿತ್ತು, ಇನ್ನರ್ಧ ತುಕ್ಕು ಹಿಡಿದು ಕಪ್ಪಾಗಿತ್ತು. "ಸುಂಕಪ್ಪ, ಒಂದು ರಾತ್ರಿಯಾಗ ಇಷ್ಟು ತುಕ್ಕು ಹಿಡೀತೈತೇನು?"

"ಇಲ್ರಿ. ಈ ಬಿರುಕು ಬಾಳ ದಿನದ್ದು."

"ಹೊಸಾ ಪ್ಲೇಟಿಗೆ ಹಳೇ ಬಿರುಕು ಎಲ್ಲಿಂದ ಬರ್ತೈತಿ?"

ಸುಂಕಪ್ಪ ಸಾಹುಕಾರರ ಕಡೆ ನೋಡಿ ಹಿಂದೆ ಸರಿದ. ಕಮ್ಮಾರನ ಮಾತನ್ನು ಆರೋಪಿಯ ಕಡೆಯವನ ಮಾತು ಎಂದು ತಳ್ಳಿಹಾಕುತ್ತಾರೆಂದು ಅವನಿಗೆ ಗೊತ್ತಿತ್ತು. ತುಂಡುಗಳನ್ನು ಗೋಣಿಚೀಲದಲ್ಲಿ ಕಟ್ಟಿ ಅರಗಿನ ಮುದ್ರೆ ಹಾಕಿದರು.

ಮರುದಿನ ಪಂಚರ ಎದುರಿಗೆ ಠಾಣೆಯ ಮೇಜಿನ ಮೇಲೆ ಚೀಲ ಬಿಚ್ಚಿದಾಗ ಪ್ಲೇಟಿಗೆ ಬಳಿದಿದ್ದ ಕಪ್ಪು ಬಣ್ಣದ ಒಂದು ಹಕ್ಕಳೆ ಗೋಣಿಗೆ ಅಂಟಿಕೊಂಡು ಎದ್ದುಬಂತು. ಪ್ಲೇಟಿನ ದಪ್ಪ ಅಂಚಿನ ಮೇಲೆ, ಬಣ್ಣದ ಅಡಿಯಲ್ಲಿ, ಬೂದುಬಣ್ಣದ ಮೂರು ಗೆರೆ. ಅದರ ಪಕ್ಕದಲ್ಲಿ ಕೆಂಪಗೆ ಒಂದು ಅರ್ಧಚಂದ್ರ. ದೊಡ್ಡಬಸಪ್ಪ ಅದನ್ನು ನೋಡಿದರು, ತಲೆ ಎತ್ತಿ ಲಾಕಪ್ಪಿನ ಬೀಗ ನೋಡಿದರು.

"ಮಾರೆಣ್ಣ, ಇಲ್ಲಿ ಬಾ. ಇದೇನಿದು?"

"ಆಯುಧಪೂಜಿದ್ರಿ."

"ದೀಪಾವಳಿ ಆದ ಮ್ಯಾಲ ಮೇಣಗಾಗದದಾಗ ಬಂದ ಹೊಸಾ ಸಾಮಾನಿಗೆ, ದಸರಾಕ್ಕ ಇಲ್ಲಿ ಯಾರು ಬೊಟ್ಟು ಇಟ್ರು? ಇಟ್ಟು, ಮ್ಯಾಲೆ ಯಾರು ಬಣ್ಣ ಹಚ್ಚಿದ್ರು?"

"ಬೊಟ್ಟು ಅರ್ಧ ಐತಲ್ರಿ," ಎಂದ ಮಾರೆಣ್ಣ. ಅವನನ್ನು ಕಾಡಿದ್ದು ಅದೊಂದೇ. "ಅರ್ಧ ಬೊಟ್ಟು ಯಾರಿಡ್ತಾರ?"

ಯಾರೂ ಇಡುವುದಿಲ್ಲ. ಹಾಗಾದರೆ ಇನ್ನರ್ಧ ಎಲ್ಲೋ ಇರಲೇಬೇಕು.

ನವೆಂಬರ್ ಎಂಟು, ಗುರುವಾರ. ಬಳ್ಳಾರಿಯಲ್ಲಿ ಸಾಹುಕಾರರ ವರ್ಕ್‌ಶಾಪು. ಸ್ಟೋರ್‌ಕೀಪರ್ ಕಾಡಸಿದ್ದಪ್ಪ ಸತ್ಯನಾರಾಯಣಪೇಟೆಯಿಂದ ನಡೆದು ಬಂದು ಆಗತಾನೆ ಬಾಗಿಲು ತೆರೆದಿದ್ದರು. ತಲೆ ನರೆತ, ಇಸ್ತ್ರಿ ಕೋಟಿನ ಮನುಷ್ಯ. ಹಣೆಯ ಮೇಲೆ ಮೂರು ಬೆರಳ ವಿಭೂತಿ. ಅವರ ಸ್ಟೋರಿನಿಂದ ನಾಟಿ ಮಾಲು ಹೊರಬಿದ್ದದ್ದಿಲ್ಲ ಎಂಬುದು ಬಳ್ಳಾರಿಯ ಮೋಟಾರಿನವರೆಲ್ಲ ಆಡುತ್ತಿದ್ದ ಮಾತು.

"ಪಕ್ಕೀರಪ್ಪಗ ಪ್ಲೇಟು ಕೊಟ್ಟೋರು ನೀವೇನು?" ದೊಡ್ಡಬಸಪ್ಪ ಕೇಳಿದರು.

"ಹೌದ್ರಿ. ಒರಿಜಿನಲ್ಲು."

"ಯಾವಾಗ ಬಂದದ್ದು?"

"ದೀಪಾವಳಿ ಆದ ಮ್ಯಾಲ, ಮದ್ರಾಸಿಂದ."

"ಅದು ಬರೋ ಮೊದಲು ಸ್ಟೋರಿನ್ಯಾಗ ಇಂಥ ಪ್ಲೇಟು ಇದ್ವೇನು?"

"ಮೂಲಿಗೆ ಹಾಕಿದ ಗಾಡಿವು ಅದಾವ. ಗುಜರಿ."

ಹಿಂದಿನ ಗೋಡೆಗೆ ಹಳೆಯ ಪ್ಲೇಟುಗಳನ್ನು ಕಪಾಟಿನ ಪುಸ್ತಕಗಳಂತೆ ಒತ್ತಾಗಿ ನಿಲ್ಲಿಸಿದ್ದರು. ದಸರಾದ ದಿನ ಯಾರೋ ವಿಭೂತಿಯ ಮೂರು ಬೆರಳನ್ನು ಈ ತುದಿಯಿಂದ ಆ ತುದಿಗೆ ಒಂದೇ ಎಳೆತಕ್ಕೆ ಎಳೆದಿದ್ದರು. ನಡುವೆ ಒಂದು ಕಡೆ ಸಾಲು ಬಾಯಿಬಿಟ್ಟಿತ್ತು. ಅದರ ಪಕ್ಕದ ಪ್ಲೇಟಿನ ಅಂಚಿನಲ್ಲಿ ಅರ್ಧ ಬೊಟ್ಟು.

ದೊಡ್ಡಬಸಪ್ಪ ಮುರಿದ ತುಂಡನ್ನು ಆ ಸಂದಿಯಲ್ಲಿ ನಿಲ್ಲಿಸಿದರು. ಮೂರು ಗೆರೆಗಳು ಕೂಡಿಕೊಂಡವು. ಬೊಟ್ಟು ಪೂರ್ತಿಯಾಯಿತು. ಮಾರೆಣ್ಣ ತನಗೆ ಗೊತ್ತಿಲ್ಲದೆಯೇ ಕೈಮುಗಿದ.

ಕಾಡಸಿದ್ದಪ್ಪ ಸ್ಟೂಲಿನ ಮೇಲೆ ಕೂತರು. "ನಾನ ಹಚ್ಚಿದ್ದು," ಎಂದರು. "ಪೂಜಿನೂ, ಬಣ್ಣಾನೂ."

"ಮೇಣಗಾಗದ?"

"ಹಳೇದು. ಎತ್ತಿಟ್ಟಿದ್ದೆ."

"ಬಿರುಕು ಕಾಣಲಿಲ್ಲೇನು?"

"ನೋಡಿದ್ರ ಕಾಣ್ತಿತ್ತು. ನೋಡಾಕ ಧೈರ್ಯ ಬರಲಿಲ್ರಿ."

"ಬಣ್ಣ ಹಚ್ಚೋ ಮೊದಲು ಆ ಬೊಟ್ಟು ಒರಸಿದ್ರ ನಾವು ಇಲ್ಲಿಗೆ ಬರ್ತಿರಲಿಲ್ಲ."

ಕಾಡಸಿದ್ದಪ್ಪ ಆಶ್ಚರ್ಯದಿಂದ ನೋಡಿದರು. "ಪೂಜಿ ಮಾಡಿದ್ದಲ್ರಿ? ಅದನ್ನ ಹೆಂಗ ಒರಸಾಕ ಆಗ್ತೈತಿ?"

ಇವರು ಮಾಡಿದ ಮೋಸಕ್ಕೆ ಸಿಟ್ಟಾಗಬೇಕೋ, ಈ ಮಾತಿಗೆ ಕರಗಬೇಕೋ ದೊಡ್ಡಬಸಪ್ಪನವರಿಗೆ ತಿಳಿಯಲಿಲ್ಲ. ಸಿಟ್ಟನ್ನೇ ಆರಿಸಿಕೊಂಡರು. "ಪಕ್ಕೀರಪ್ಪ ಎರಡು ದಿನದಿಂದ ಲಾಕಪ್ಪಿನ್ಯಾಗ ಅದಾನ. ನಿಮಗ ಗೊತ್ತಿತ್ತು. ಬಾಯಿ ಯಾಕ ಬಿಡಲಿಲ್ಲ?"

ಕಾಡಸಿದ್ದಪ್ಪ ಕಪಾಟಿನ ಕಡೆ ನೋಡುತ್ತ ಹೇಳತೊಡಗಿದರು. ಒಳ್ಳೆಯ ಸಾಮಾನು ಬರುವುದು ನಿಂತು ಬಹಳ ದಿನಗಳಾಗಿತ್ತು. ಬೇರೆ ಸ್ಟೋರಿನವರು ಕಮ್ಮಾರರ ಮಾಲು ಕೊಳ್ಳತೊಡಗಿದ್ದರು. ಕಾಡಸಿದ್ದಪ್ಪನವರಿಗೆ ಅದು ಸೋಲೆನಿಸಿತ್ತು. ಕಪಾಟು ಖಾಲಿಯಾದರೆ ಸ್ಟೋರಿಗೆ ಬೀಗ, ಸ್ಟೋರಿಗೆ ಬೀಗ ಬಿದ್ದರೆ ತಾನು ಯಾರು? "ಒರಿಜಿನಲ್ ಇಲ್ಲ ಅನ್ನೋ ಮಾತು ನನ್ನ ಬಾಯಾಗ ಬರಲಿಲ್ರಿ," ಎಂದರು. "ಒಂದು ಸಲ ಸುಳ್ಳು ಹೇಳಿದೆ. ಆಮ್ಯಾಲೆ ಖರೇ ಹೇಳೋದೂ ಬರಲಿಲ್ಲ. ಆ ಹುಡುಗನ ಮುಂದ ನಿಂತು ಹೇಳ್ತೀನಿ. ಎಲ್ಲಿ ಬೇಕಾದ್ರೂ ಕರಕೊಂಡು ಹೋಗ್ರಿ."

ಕೈಗೆ ಕೋಳ ಬೀಳುವ ಮುನ್ನ ಕೋಟು ಬಿಚ್ಚಿ ಗೂಟಕ್ಕೆ ತೂಗಹಾಕಿದರು. ಹೇಳಿಕೆ, ವಶಪಂಚನಾಮೆ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೋರ್ಟಿಗೆ ವರದಿ ಹೋಗಿ ಪಕ್ಕೀರಪ್ಪ ಮರುದಿನ ಮನೆ ಸೇರಿದ. ಅವನನ್ನು ಬಿಡಲು ಲಾಕಪ್ಪಿನ ಬೀಗ ತೆಗೆಯುತ್ತ ಮಾರೆಣ್ಣ, "ಈ ಬೊಟ್ಟು ಒರಸಿದ್ರ ನೀ ಹೊರಗ ಬರ್ತಿರಲಿಲ್ಲಲೇ," ಎಂದು ನಕ್ಕ. ಡಿಎಸ್ಪಿ ಸಾಹೇಬರು ಬಂದಾಗಲೂ ಆ ಬೀಗವನ್ನು ಒರೆಸು ಎಂದು ದೊಡ್ಡಬಸಪ್ಪ ಹೇಳಲಿಲ್ಲ.

ಗಾಳೆಪ್ಪ ಸಾಹುಕಾರರು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತಾವಾಗಿಯೇ ಸುಂಕಪ್ಪನ ಕುಲುಮೆಯ ಮುಂದೆ ಬಂದು ನಿಂತರು. ಎಡಗಡೆಗೂ ಅವನದೇ ಪ್ಲೇಟು ಬಿತ್ತು. ಸರ್ಕಾರದ ಮೋಟಾರ್ ಇನ್‌ಸ್ಪೆಕ್ಟರ್ ಬಂದು ಗಾಡಿ ಪರೀಕ್ಷೆ ಮಾಡಿ ರುಜು ಹಾಕಿಹೋದರು.

ಮುಂದಿನ ವಾರ ಕಾಡಸಿದ್ದಪ್ಪನವರನ್ನು ಸಿರುಗುಪ್ಪದ ಕೋರ್ಟಿಗೆ ಹಾಜರುಪಡಿಸಬೇಕಾಗಿತ್ತು. ಬಳ್ಳಾರಿಯಿಂದ ಹೋಗುವುದಕ್ಕೆ ಇದ್ದದ್ದು ಅದೇ ಬಸ್ಸು. ಹತ್ತುವ ಮೊದಲು ಅವರು ಮುಂದಿನ ಚಕ್ರದ ಹತ್ತಿರ ಬಗ್ಗಿದರು. ಕೋಳದ ಇನ್ನೊಂದು ತುದಿಯಲ್ಲಿದ್ದ ಮಾರೆಣ್ಣನೂ ಬಗ್ಗಬೇಕಾಯಿತು. ಹೊಸ ಪ್ಲೇಟು, ಅದಕ್ಕೊಂದು ಪೂರ್ತಿ ಬೊಟ್ಟು.

"ಯಾರ ಮಾಲು ಇದು?" ಕಾಡಸಿದ್ದಪ್ಪ ಕೇಳಿದರು.

"ಸುಂಕಪ್ಪಂದ್ರಿ," ಎಂದ ಪಕ್ಕೀರಪ್ಪ. ಅವನ ದನಿಯಲ್ಲಿ ಹಗೆಯಿರಲಿಲ್ಲ, ಸಲುಗೆಯೂ ಇರಲಿಲ್ಲ.

"ತನ್ನ ಗುರುತು ಹಾಕ್ಯಾನ?"

"ಹಾಕ್ಯಾನ್ರಿ. ಅಲ್ಲೇ ಐತಿ ನೋಡ್ರಿ."

ಕಾಡಸಿದ್ದಪ್ಪ ಗೀಟನ್ನೂ ಎರಡು ಚುಕ್ಕೆಗಳನ್ನೂ ಬೆರಳಲ್ಲಿ ಮುಟ್ಟಿ ನೋಡಿದರು. "ಹಂಗಾರ ಇದ ಒರಿಜಿನಲ್ಲು," ಎಂದರು. ಆಮೇಲೆ ಪಕ್ಕೀರಪ್ಪನ ಮುಖ ನೋಡಿ, "ತಪ್ಪಾತಪ್ಪ," ಎಂದರು. ಪಕ್ಕೀರಪ್ಪ ತಲೆಯಾಡಿಸಿ, "ಹತ್ರಿ ಅಣ್ಣಾರ, ಹೊತ್ತಾಗ್ತೈತಿ," ಎಂದ.

ಬಾದನಹಟ್ಟಿ ಬಂತು, ಹೋಯಿತು. ಬಸ್ಸು ಅಲ್ಲಿ ಯಾರಿಗೂ ತಿಳಿಯದಂತೆ ದಾಟಿತು. ತೆಕ್ಕಲಕೋಟೆಯಲ್ಲಿ ಜೋಗಮ್ಮ ಎಡಗೈಯಲ್ಲಿ ಬುಟ್ಟಿ ಹಿಡಿದು ಹತ್ತಿದಳು. ಬಲಗೈ ಇನ್ನೂ ಬಿದಿರುದಬ್ಬೆಯ ಕಟ್ಟಿನಲ್ಲಿತ್ತು. ಕೂರಲು ಜಾಗವಿರಲಿಲ್ಲ. ಕಾಡಸಿದ್ದಪ್ಪ ಆ ಕೈ ನೋಡಿದರು, ಎದ್ದು ನಿಂತರು. ಕೋಳ ಜಗ್ಗಿ ಮಾರೆಣ್ಣನೂ ಎದ್ದ.

"ನೀವು ಕುಂಡರ್ರಿ ಯಪ್ಪಾ, ವಯಸ್ಸಾದೋರು," ಎಂದಳು ಅವರು ಯಾರೆಂದು ತಿಳಿಯದ ಜೋಗಮ್ಮ.

"ನೀ ಕುಂಡ್ರವ್ವ," ಎಂದರು ಕಾಡಸಿದ್ದಪ್ಪ.

ಅವಳು ಕೂತಳು. ಕಾಡಸಿದ್ದಪ್ಪ, ಮಾರೆಣ್ಣ ಇಬ್ಬರೂ ಸಿರುಗುಪ್ಪದವರೆಗೂ ನಿಂತೇ ಹೋದರು.